ಭಾವನ ಜೀಪಿಗೆ ಯಾವ ವಿಂಚ್? ಒಂದು ಮಳೆಗಾಲದ ಲೆಕ್ಕ

ಜೂನ್ ಮೊದಲ ವಾರ ಪಾಂಡವಪುರದ ಕಡೆಯಿಂದ ಭಾವ ಫೋನ್ ಮಾಡಿದರು. "ಬಾಮೈದ, 12,000 ಪೌಂಡಿನ ವಿಂಚ್ ಒಂದು ನೋಡಿದ್ದೀನಿ. ಇವತ್ತೇ ದುಡ್ಡು ಹಾಕಿಬಿಡ್ತೀನಿ. ಕರೆಂಟ್ ಕೆಲಸ ಎಲ್ಲಾ ನಿಂದೇ ಕಣಪ್ಪ."

ಆಗಸ್ಟ್ ಕೊನೆಗೆ ಮಲೆನಾಡಿನಲ್ಲಿ ಒಂದು ಆಫ್-ರೋಡ್ ಸ್ಪರ್ಧೆ ಇತ್ತು. ಜೀಪ್ ಓಡಿಸುವುದು ಭಾವ, ಕೋ-ಡ್ರೈವರ್ ನಾನು. ಮೈಸೂರಿನ ಬನ್ನಿಮಂಟಪದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಸ್ಟಾರ್ಟರ್ ಮೋಟಾರ್, ಡೈನಮೊ ಬಿಚ್ಚಿ ಕಟ್ಟುವುದೇ 19 ವರ್ಷದಿಂದ ನನ್ನ ಕೆಲಸ. ವಿಂಚ್ ಅಂದರೆ ಗಾಡಿಯ ಮುಂದೆ ಕೂರಿಸುವ, ಮೋಟಾರಿನಿಂದ ಡ್ರಮ್ ತಿರುಗಿಸಿ ಹಗ್ಗ ಸುತ್ತಿಕೊಳ್ಳುತ್ತಾ ಗಾಡಿಯನ್ನು ಎಳೆಯುವ ಯಂತ್ರ. ಪೌಂಡ್ ಅದರ ಎಳೆತದ ಅಳತೆ. ಅದರ ಮೋಟಾರ್ ಅಂದರೆ ಸ್ಟಾರ್ಟರ್ ಮೋಟಾರಿನ ಅಣ್ಣ ಇದ್ದ ಹಾಗೆ. ಹಾಗಾಗಿ ಆ ದೊಡ್ಡ ಸಂಖ್ಯೆ ಕೇಳಿದ ತಕ್ಷಣ ನನಗೆ ಬ್ಯಾಟರಿಯ ಚಿಂತೆ ಹತ್ತಿತು. "ಭಾವ, ಒಂದೆರಡು ವಾರ ತಡೀರಿ. ಜೀಪ್ ಎಷ್ಟು ತೂಗುತ್ತೆ ಹೇಳಿ ಮೊದಲು" ಅಂದೆ. ಅವರಿಗೆ ಗೊತ್ತಿರಲಿಲ್ಲ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಮಲೇಷ್ಯಾದಲ್ಲಿ 1997ರಲ್ಲಿ ಶುರುವಾದ ರೈನ್‌ಫಾರೆಸ್ಟ್ ಚಾಲೆಂಜ್ 2014ರಲ್ಲಿ ಗೋವಾಕ್ಕೆ ಬಂತು. ಆಮೇಲೆ ನಮ್ಮ ಕಡೆಯೂ ಜೀಪ್, ಜಿಪ್ಸಿ, ಥಾರ್ ಇಟ್ಟುಕೊಂಡವರಿಗೆ ಕೆಸರಿನ ಹುಚ್ಚು ಜಾಸ್ತಿಯಾಯಿತು. ಹಳ್ಳ, ಕೆಸರುಗುಂಡಿ, ಜಾರುವ ದಿಬ್ಬಗಳನ್ನು ಇಷ್ಟು ನಿಮಿಷದಲ್ಲಿ ದಾಟಬೇಕು ಅಂತ ಇರುತ್ತದೆ. ಚಕ್ರಕ್ಕೆ ಹಿಡಿತ ಸಿಗದ ಕಡೆ ಕೋ-ಡ್ರೈವರ್ ಹಗ್ಗ ಹಿಡಿದು ಓಡಬೇಕು, ಮರಕ್ಕೆ ಪಟ್ಟಿ ಸುತ್ತಬೇಕು, ವಿಂಚ್ ಒತ್ತಬೇಕು. ರಸ್ತೆಯಲ್ಲಿ ಸಿಕ್ಕಿಕೊಂಡ ಗಾಡಿ ಎಳೆಯುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಗಡಿಯಾರ. ರಸ್ತೆಯಲ್ಲಿ ಅರ್ಧ ಗಂಟೆ ಆದರೂ ಪರವಾಗಿಲ್ಲ. ಇಲ್ಲಿ ಒಂದೇ ದಿನದಲ್ಲಿ ಹತ್ತಾರು ಸಲ, ಬೇಗ ಬೇಗ ಎಳೆಯಬೇಕು.

ತೂಕ ಮತ್ತು ಗದ್ದೆ

ಮಂಡ್ಯ ಜಿಲ್ಲೆಯಲ್ಲಿ ವೇಬ್ರಿಡ್ಜ್‌ಗೆ ಬರ ಇಲ್ಲ. ಕಬ್ಬು ಇದ್ದ ಕಡೆ ಅದೂ ಇರಲೇಬೇಕು. ಜೀಪಿಗೆ ಡೀಸೆಲ್ ತುಂಬಿಸಿ, ಸ್ಟೆಪ್ನಿ, ಸಾಮಾನು, ಸರಪಳಿ ಎಲ್ಲ ಹಾಕಿ, ನಾವಿಬ್ಬರೂ ಕೂತೇ ತೂಕ ಹಾಕಿಸಿದೆವು. 1,720 ಕೆಜಿ ಬಂತು. ಇದು ಹಳೆಯ ಮಹೀಂದ್ರಾ ಎಂಎಂ 540. ಪ್ಯೂಜೊ ಡೀಸೆಲ್ ಎಂಜಿನ್, ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗ್, ಪವರ್ ಸ್ಟೀರಿಂಗ್ ಇಲ್ಲ.

ಎಲ್ಲರೂ ಹೇಳುವ ಒಂದು ಅಂದಾಜಿದೆ: ಗಾಡಿಯ ಪೂರ್ತಿ ತೂಕದ ಒಂದೂವರೆ ಪಟ್ಟು ಎಳೆಯುವ ವಿಂಚ್ ಸಾಕು. ಆ ಲೆಕ್ಕಕ್ಕೆ ನಮಗೆ ಬೇಕಾದ್ದು 2,580 ಕೆಜಿ. ಪೌಂಡಿನಲ್ಲಿ ಸುಮಾರು 5,700. ಅಂದರೆ 6,000 ಪೌಂಡಿನ ಚಿಕ್ಕ ವಿಂಚ್ ಸಾಕಾಗಬೇಕು! ಭಾವ ಕೇಳುತ್ತಿದ್ದದ್ದು ಅದರ ಎರಡರಷ್ಟು. ಇಬ್ಬರಲ್ಲಿ ಯಾರು ಸರಿ ಅಂತ ನೋಡುವುದಕ್ಕೆ ಭಾವನದೇ ಗದ್ದೆ ಇತ್ತು.

ಪರಿಚಯದ ಗುಜರಿ ಅಂಗಡಿಯಿಂದ ಐದು ಟನ್ ತೂಗುವ, ಕೊಂಡಿಗೆ ನೇತುಹಾಕುವ ಡಿಜಿಟಲ್ ತಕ್ಕಡಿ ತಂದೆ. ಅದರ ಒಂದು ಕೊಂಡಿ ಟ್ರ್ಯಾಕ್ಟರಿಗೆ, ಇನ್ನೊಂದು ಕೊಂಡಿ ಜೀಪಿಗೆ. ನಾಲೆ ನೀರು ಬಂದು, ಉತ್ತು ಕೆಸರು ಮಾಡಿ, ನಾಟಿಗೆ ಇನ್ನೂ ನಾಲ್ಕು ದಿನ ಇದ್ದ ಗದ್ದೆ ಅದು. ಅಕ್ಕ ಬದುವಿನ ಮೇಲೆ ನಿಂತು ದೂರದಿಂದಲೇ ಮೊಬೈಲ್ ಕ್ಯಾಮೆರಾ ಹಿಗ್ಗಿಸಿ ತಕ್ಕಡಿ ಓದಿ ಬರೆದುಕೊಂಡಳು. ಹಗ್ಗದ ಹತ್ತಿರ ಯಾರನ್ನೂ ಬಿಡಲಿಲ್ಲ.

ಗಟ್ಟಿ ರಸ್ತೆಯಲ್ಲಿ ನ್ಯೂಟ್ರಲ್ ಹಾಕಿ ಎಳೆದಾಗ 50 ಕೆಜಿಯೂ ದಾಟಲಿಲ್ಲ. ಚಕ್ರದ ಹಬ್ ತನಕ ಕೆಸರಿನಲ್ಲಿ ನಿಂತಾಗ 1,150. ಆಕ್ಸಲ್ ಹೌಸಿಂಗ್, ಗೇರ್‌ಬಾಕ್ಸ್ ಎಲ್ಲ ಹೂತು ಛಾಸಿಸ್ಸೇ ಕೆಸರಿನ ಮೇಲೆ ಕೂತಾಗ, ಕದಲುವ ಆ ಒಂದು ಕ್ಷಣಕ್ಕೆ 2,300. ಕದಲಿದ ಮೇಲೆ 1,400ಕ್ಕೆ ಇಳಿಯಿತು. ನಂಜನಗೂಡಿನ ತೇರು ಎಳೆದವರಿಗೆ ಇದು ಹೊಸದಲ್ಲ. ಮೊದಲ ಗೇಣು ಕದಲುವ ತನಕ ಇಡೀ ಊರೇ ಬೇಕು, ಆಮೇಲೆ ತೇರು ತಾನೇ ಬರುತ್ತದೆ.

ಇನ್ನೊಂದನ್ನೂ ಗಮನಿಸಿದೆವು. ಭಾವ ಫಸ್ಟ್ ಗೇರ್ ಹಾಕಿ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದರೆ ತಕ್ಕಡಿಯಲ್ಲಿ ನೂರಾರು ಕೆಜಿ ಕಮ್ಮಿ ತೋರಿಸುತ್ತಿತ್ತು. ಜೋರಾಗಿ ತಿರುಗಿಸಿದರೆ ಗುಂಡಿ ಆಳವಾಗಿ ಮತ್ತೆ ಏರುತ್ತಿತ್ತು.

ದಿಬ್ಬದ ಲೆಕ್ಕ ಸುಲಭ. 30 ಡಿಗ್ರಿ ಏರಿನಲ್ಲಿ ತೂಕದ ಅರ್ಧ, ಅಂದರೆ 860 ಕೆಜಿ, ಬರೀ ಮೇಲೆತ್ತುವುದಕ್ಕೇ ಹೋಗುತ್ತದೆ. ಅದೇ ಏರಿನಲ್ಲಿ ಹಬ್ ತನಕ ಕೆಸರೂ ಇದ್ದರೆ ಸುಮಾರು 1,850. ಒಟ್ಟಿನಲ್ಲಿ ನಮ್ಮ ಜೀಪಿಗೆ ಬೇಕಾದ ದೊಡ್ಡ ಎಳೆತ 2,300 ಕೆಜಿ ಅಂತ ಇಟ್ಟುಕೊಂಡೆವು. ಹಾಗಾದರೆ 6,000 ಪೌಂಡ್, ಅಂದರೆ 2,720 ಕೆಜಿ, ಸಾಕಲ್ವಾ? ಸಾಲದು. ಯಾಕೆ ಸಾಲದು ಅನ್ನುವುದು ಡ್ರಮ್ಮಿನಲ್ಲಿದೆ.

ಹಗ್ಗ ಜಾಸ್ತಿ ಸುತ್ತಿದಷ್ಟೂ ಬಲ ಕಮ್ಮಿ

ವಿಂಚಿನ ಮೇಲೆ ಬರೆದ ಪೌಂಡ್ ಡ್ರಮ್ಮಿಗೆ ಅಂಟಿಕೊಂಡ ಮೊದಲನೇ ಪದರದ ಎಳೆತ. ಅದರ ಮೇಲೆ ಎರಡನೇ ಪದರ, ಮೂರನೇ ಪದರ ಅಂತ ಹಗ್ಗ ಕೂತ ಹಾಗೆ ಡ್ರಮ್ ದಪ್ಪವಾಗುತ್ತದೆ. ದಪ್ಪ ಡ್ರಮ್ ಹಗ್ಗವನ್ನು ಬೇಗ ಎಳೆಯುತ್ತದೆ, ಆದರೆ ಬಲ ಕಳೆದುಕೊಳ್ಳುತ್ತದೆ. ಸೈಕಲ್ಲಿನಲ್ಲಿ ಹಿಂದಿನ ಗೇರ್ ಬದಲಾಯಿಸಿದ ಹಾಗೆ.

ಒಂದು ಸಾಮಾನ್ಯ ವಿಂಚಿನ ಅಳತೆ ತಗೊಂಡು ಲೆಕ್ಕ ಹಾಕೋಣ. ಡ್ರಮ್ 63 ಮಿಮೀ ದಪ್ಪ, ಸುಮಾರು 230 ಮಿಮೀ ಅಗಲ, ಹಗ್ಗ 10 ಮಿಮೀ. ಒಂದು ಪದರಕ್ಕೆ 23 ಸುತ್ತು. ಮೊದಲ ಪದರದಲ್ಲಿ 5.3 ಮೀಟರ್ ಹಗ್ಗ ಹಿಡಿಯುತ್ತದೆ. ಎರಡನೆಯದರಲ್ಲಿ 6.7, ಮೂರನೆಯದರಲ್ಲಿ 8.2. ಉಳಿದದ್ದು ನಾಲ್ಕನೆಯದಕ್ಕೆ. ಅಂಗಡಿಯಿಂದ ಬರುವ 28 ಮೀಟರ್ ಹಗ್ಗ ನಾಲ್ಕು ಪದರ ತುಂಬಿಬಿಡುತ್ತದೆ. ಎಳೆತ ಮಾತ್ರ ಎರಡನೇ ಪದರದಲ್ಲಿ ಮೊದಲಿನ ಶೇ. 78, ಮೂರನೆಯದರಲ್ಲಿ ಶೇ. 65, ನಾಲ್ಕನೆಯದರಲ್ಲಿ ಶೇ. 55.

ಸ್ಪರ್ಧೆಯಲ್ಲಿ ಮರ ಎಷ್ಟು ದೂರ ಇರುತ್ತದೆ? ಹಿಂದಿನ ವರ್ಷ ನೋಡುವುದಕ್ಕೆ ಹೋಗಿದ್ದಾಗ ನಾನು ಗಮನಿಸಿದ್ದೆ. ಬಹಳ ಸಲ ಎಂಟು, ಹತ್ತು, ಹನ್ನೆರಡು ಮೀಟರ್ ಅಷ್ಟೇ. ಹತ್ತು ಮೀಟರ್ ಹಗ್ಗ ಹೊರಗೆ ಹೋದರೆ ಡ್ರಮ್ಮಿನಲ್ಲಿ ಇನ್ನೂ 18 ಮೀಟರ್ ಇರುತ್ತದೆ. ಅಂದರೆ ನೀವು ಮೂರನೇ ಪದರದಿಂದ ಎಳೆಯುತ್ತಿದ್ದೀರಿ. ಅಲ್ಲಿ 6,000 ಪೌಂಡಿನ ವಿಂಚ್ ಕೊಡುವುದು 1,760 ಕೆಜಿ ಮಾತ್ರ. 8,000ದ್ದು 2,340. 9,500ದ್ದು 2,780. 12,000ದ್ದು 3,510.

ಭಾವನಿಗೆ ಖುಷಿಯಾಯಿತು. "ಅದಕ್ಕೇ ಕಣೋ ನಾನು ಹೇಳಿದ್ದು, ದೊಡ್ಡದೇ ಇರಲಿ ಅಂತ."

ಆದರೆ ಇದೇ ಲೆಕ್ಕ ಇನ್ನೊಂದು ದಾರಿಯನ್ನೂ ತೋರಿಸುತ್ತದೆ. ಹಗ್ಗವನ್ನೇ 20 ಮೀಟರಿಗೆ ಇಳಿಸಿದರೆ? ಹತ್ತು ಮೀಟರ್ ಹೊರಗೆ ಹೋದಾಗ ಡ್ರಮ್ಮಿನಲ್ಲಿ ಉಳಿಯುವುದು ಹತ್ತೇ ಮೀಟರ್. ಅದು ಎರಡನೇ ಪದರ. ಅದೇ 9,500 ಪೌಂಡಿನ ವಿಂಚ್ ಅಲ್ಲಿ 3,380 ಕೆಜಿ ಎಳೆಯುತ್ತದೆ. ಉದ್ದ ಹಗ್ಗ ತುಂಬಿಕೊಂಡ 12,000ಕ್ಕೂ ಇದಕ್ಕೂ ಇರುವ ಅಂತರ 130 ಕೆಜಿ. ಒಂದು ಪೈಸೆ ಖರ್ಚಿಲ್ಲದೆ! ದೂರದ ಮರ ಬೇಕಾದಾಗ ಜೋಡಿಸುವುದಕ್ಕೆ ಬೇರೆ ಹತ್ತು ಮೀಟರ್ ತುಂಡು ಚೀಲದಲ್ಲಿ ಇದ್ದರಾಯಿತು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಸಿಕ್ಕ ದೊಡ್ಡ ಲಾಭ ಇದೇ. ವಿಂಚ್ ಕೊಳ್ಳುವವರು ಯಾಕೆ ಉದ್ದ ಹಗ್ಗವನ್ನೇ ಕೇಳುತ್ತಾರೋ ನನಗೆ ಇವತ್ತಿಗೂ ಅರ್ಥ ಆಗುವುದಿಲ್ಲ.

ಎರವಲು ವಿಂಚ್

ಭಾವನಿಗೆ ಲೆಕ್ಕದಿಂದ ಸಮಾಧಾನ ಆಗಲಿಲ್ಲ. "ಕಣ್ಣಲ್ಲಿ ನೋಡ್ದೆ ನಂಬಕ್ಕಾಗಲ್ಲ" ಅಂದರು. ಅದೂ ಸರಿಯೇ. ಪರಿಚಯದವರೊಬ್ಬರ ಹತ್ತಿರ 12,000 ಪೌಂಡಿನ ವಿಂಚ್ ಇತ್ತು. ಉಕ್ಕಿನ ಹಗ್ಗದ್ದು. ಎರಡು ದಿನಕ್ಕೆ ಕೇಳಿ ತಂದು ತಾತ್ಕಾಲಿಕವಾಗಿ ಬಿಗಿದೆವು. ಅಂಗಡಿಯಲ್ಲಿ ಕೈಗೆ ಸಿಕ್ಕ 25 ಚದರ ಮಿಮೀ ಕೇಬಲ್ಲನ್ನೇ ಹಾಕಿದೆ. ಅದು ನನ್ನ ತಪ್ಪು.

ತೆವರಿಯ ಮೇಲೆ ಒಂದು ಹುಣಸೆ ಮರ ಇದೆ. ಅದಕ್ಕೆ ಪಟ್ಟಿ ಸುತ್ತಿ, ಗದ್ದೆಯಿಂದ ಜೀಪನ್ನು ತೆವರಿ ಹತ್ತಿಸುವುದು ಅಂತ. ಎರಡು ಸಲ ಚೆನ್ನಾಗಿಯೇ ಎಳೆಯಿತು. ಮೂರನೇ ಸಲ ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್, ಟಕಟಕ ಅನ್ನತೊಡಗಿತು. ಮೀಟರ್ ಹಿಡಿದರೆ ವಿಂಚಿನ ಹತ್ತಿರ 9 ವೋಲ್ಟೂ ಇಲ್ಲ. ನಿಲ್ಲಿಸೋಣ ಅಂತ ಸ್ವಿಚ್ ಬಿಟ್ಟೆ. ವಿಂಚ್ ನಿಲ್ಲಲಿಲ್ಲ.

ವೋಲ್ಟೇಜ್ ಬಿದ್ದಾಗ ಕಾಂಟ್ಯಾಕ್ಟರ್ ಗಟ್ಟಿಯಾಗಿ ಹಿಡಿಯುವುದಿಲ್ಲ. ಬಿಟ್ಟು ಹಿಡಿದು, ಬಿಟ್ಟು ಹಿಡಿದು ಒಳಗಿನ ತಾಮ್ರದ ಬಿಲ್ಲೆಗಳು ಕಿಡಿಯಿಂದ ಬೆಸೆದುಕೊಂಡುಬಿಡುತ್ತವೆ. ಆಮೇಲೆ ಸ್ವಿಚ್ಚಿಗೆ ಅರ್ಥವೇ ಇಲ್ಲ. ಭಾವ ಗಾಬರಿಯಲ್ಲಿ ಬ್ರೇಕ್ ಒತ್ತಿದರು. ಭಾರ ಇನ್ನೂ ಏರಿತು, ಉಕ್ಕಿನ ಹಗ್ಗ ತಂತಿಯ ಹಾಗೆ ಗುಂಯ್ ಅಂದಿತು. ಡ್ರಮ್ಮನ್ನು ಗೇರಿನಿಂದ ಬೇರೆ ಮಾಡುವ ಕ್ಲಚ್ ಒಂದಿದೆ, ಭಾರ ಇರುವಾಗ ಅದನ್ನು ಬಿಡಿಸುವುದಕ್ಕೂ ಆಗುವುದಿಲ್ಲ. "ಬ್ರೇಕ್ ಬಿಡಿ ಭಾವ!" ಅಂತ ಕೂಗಿಕೊಂಡೆ. ಓಡಿಹೋಗಿ ಬ್ಯಾಟರಿಯ ನೆಗೆಟಿವ್ ಕ್ಲ್ಯಾಂಪ್ ಕಿತ್ತೆ. ದೊಡ್ಡ ಕಿಡಿ ಹಾರಿತು, ಕೈ ಸುಟ್ಟಿತು. ಕೊಂಡಿಗೂ ಹಗ್ಗ ಒಳಗೆ ಹೋಗುವ ವಿಂಚಿನ ಬಾಯಿಗೂ ಒಂದು ಮಾರು ಅಂತರ ಉಳಿದಿತ್ತು. ಕ್ಲ್ಯಾಂಪ್ ಸುಲಭವಾಗಿ ಬಂದದ್ದಕ್ಕೆ ಕಾರಣ, ನಾನು ಅದನ್ನು ಸರಿಯಾಗಿ ಬಿಗಿದಿರಲಿಲ್ಲ. ಸಡಿಲ ಕ್ಲ್ಯಾಂಪಿನಿಂದಲೂ ವೋಲ್ಟೇಜ್ ಬಿದ್ದಿತ್ತು.

ಅವತ್ತು ಸಂಜೆ ಅಕ್ಕ ಒಂದೇ ಮಾತು ಹೇಳಿದಳು: "ಕೈಗೆ ಸಿಗೋ ಹಾಗೆ ಒಂದು ಸ್ವಿಚ್ ಇಲ್ದೆ ಇನ್ನೊಂದು ಸಲ ಇದನ್ನ ಹಚ್ಚಬೇಡಿ." ಅದಾದ ಮೇಲೆ ನಾವು ಬ್ಯಾಟರಿಯಿಂದಲೇ ಕರೆಂಟ್ ಕಡಿಯುವ ಕಟ್-ಆಫ್ ಸ್ವಿಚ್ಚನ್ನು ವಿಂಚಿನ ಜೊತೆಗೆ ಬರುವ ಸಾಮಾನು ಅಂತ ನೋಡಲಿಲ್ಲ. ವಿಂಚಿಗಿಂತ ಮುಂಚೆ ಕೊಳ್ಳುವ ಸಾಮಾನು ಅಂತ ನೋಡಿದೆವು.

ಕರೆಂಟಿನ ಲೆಕ್ಕ

ಕೇಬಲ್ಲಿನದು ಮೊದಲು. ಬ್ಯಾಟರಿಯಿಂದ ವಿಂಚಿಗೆ ಹೋಗಿ ಬರುವುದಕ್ಕೆ ನಾಲ್ಕು ಮೀಟರ್ ತಾಮ್ರ. 25 ಚದರ ಮಿಮೀ ಕೇಬಲ್ಲಿನಲ್ಲಿ 400 ಆಂಪಿಯರ್ ಹರಿದರೆ ಕೇಬಲ್ಲೇ 1.1 ವೋಲ್ಟ್ ನುಂಗುತ್ತದೆ. 70 ಚದರ ಮಿಮೀ ಹಾಕಿದರೆ 0.4. ಭಾರ ಬಿದ್ದಾಗ ಬ್ಯಾಟರಿಯೇ ಹನ್ನೊಂದು ವೋಲ್ಟಿನ ಕೆಳಗೆ ಇಳಿದಿರುತ್ತದೆ. ಅಂಥ ಹೊತ್ತಿನಲ್ಲಿ ಆ ಮುಕ್ಕಾಲು ವೋಲ್ಟ್ ದೊಡ್ಡದು. ವೆಲ್ಡಿಂಗ್ ಅಂಗಡಿಯಲ್ಲಿ ಸಿಗುವ ದಪ್ಪ, ಮೆತ್ತನೆಯ ತಾಮ್ರದ ಕೇಬಲ್ ಇದಕ್ಕೆ ಸರಿ. ಅರ್ತನ್ನು ಛಾಸಿಸ್ಸಿಗೆ ಕೊಟ್ಟು ಸುಮ್ಮನಾಗಬಾರದು. ವಿಂಚಿನಿಂದ ಬ್ಯಾಟರಿಯ ನೆಗೆಟಿವ್ ತನಕ ಅಷ್ಟೇ ದಪ್ಪದ ಕೇಬಲ್ ಹೋಗಬೇಕು.

ಆಮೇಲೆ ಬ್ಯಾಟರಿ. ಈ ಅಳತೆಯ ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ನಮ್ಮ ಕೆಲಸಕ್ಕೆ 350 ಅಂತ ಇಟ್ಟುಕೊಳ್ಳಿ. ಮೂರು ನಿಮಿಷ ಎಳೆದರೆ ಖರ್ಚು 17.5 ಆಂಪಿಯರ್-ಅವರ್. ಜೀಪಿನಲ್ಲಿದ್ದ 65 ಆಂಪಿಯರಿನ ಡೈನಮೊ ಪೂರ್ತಿ ದುಡಿದರೂ ಆ ಮೂರು ನಿಮಿಷಕ್ಕೆ ಕೊಡುವುದು ಮೂರು ಚಿಲ್ಲರೆ. ಉಳಿದ 14 ಬ್ಯಾಟರಿಯಿಂದಲೇ ಹೋಗಬೇಕು. ಅದನ್ನು ಮತ್ತೆ ತುಂಬುವುದಕ್ಕೆ ಎಂಜಿನ್ ಇಪ್ಪತ್ತು ನಿಮಿಷವಾದರೂ ಓಡಬೇಕು. ದೊಡ್ಡ ಡೈನಮೊ ಹಾಕಿದರೆ ಸಾಕು ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ. ಡೈನಮೊ 120ರದ್ದು ಆದರೂ ಎಳೆಯುವಾಗ ಕೊಡುವುದು ಆರೇ. ಎಳೆಯುವ ಹೊತ್ತಿಗೆ ಬೇಕಾದ್ದು ಬ್ಯಾಟರಿ, ಎರಡು ಎಳೆತದ ನಡುವೆ ಬೇಕಾದ್ದು ಡೈನಮೊ. ನಾವು 80 ಆಂಪಿಯರ್-ಅವರಿನ ಎರಡನೇ ಬ್ಯಾಟರಿ ಸೇರಿಸಿದೆವು. ಡೈನಮೊವನ್ನು 90 ಆಂಪಿಯರಿನದಕ್ಕೆ ಬದಲಾಯಿಸಿದೆವು. ಎಳೆಯುವಾಗ ಹ್ಯಾಂಡ್ ಥ್ರಾಟಲ್ ಹಾಕಿ ಎಂಜಿನ್ ಸ್ವಲ್ಪ ಏರಿಸಿ ಇಡುವುದನ್ನು ಅಭ್ಯಾಸ ಮಾಡಿಕೊಂಡೆವು.

ಯಾವುದು ಬೇಡ, ಯಾಕೆ ಬೇಡ

ಹೈಡ್ರಾಲಿಕ್ ವಿಂಚ್ ಪವರ್ ಸ್ಟೀರಿಂಗ್ ಪಂಪಿನಿಂದ ಓಡುತ್ತದೆ. ಗಂಟೆಗಟ್ಟಲೆ ಎಳೆದರೂ ಮೋಟಾರ್ ಸುಡುವ ಭಯ ಇಲ್ಲ. ನಮ್ಮ ಜೀಪಿನಲ್ಲಿ ಪಂಪೇ ಇಲ್ಲ. ಅಲ್ಲದೆ ನೀರಿನಲ್ಲಿ ಎಂಜಿನ್ ನಿಂತರೆ ವಿಂಚೂ ನಿಲ್ಲುತ್ತದೆ. ಬಿಟ್ಟೆವು.

ವಾರ್ನ್ ಕಂಪನಿಯ 8274 ಮಾಡೆಲ್ ತರಹದ ಎತ್ತರದ ವಿಂಚ್ ಸ್ಪರ್ಧೆಯವರಿಗೆ ಬಹಳ ಪ್ರೀತಿ. ವೇಗ ಜಾಸ್ತಿ, ಸುಲಭವಾಗಿ ಬಿಚ್ಚಿ ಕಟ್ಟಬಹುದು, ಬ್ರೇಕ್ ಡ್ರಮ್ಮಿನ ಹೊರಗಿದೆ. ನನಗೂ ಆಸೆ ಇತ್ತು. ವಿಂಚ್, ಬಂಪರ್, ಬ್ಯಾಟರಿ, ಹಗ್ಗ ಎಲ್ಲ ಸೇರಿ ಒಂದು ಲಕ್ಷದ ಹತ್ತು ಸಾವಿರ ದಾಟಬಾರದು ಅಂತ ಅಕ್ಕ ಗೆರೆ ಎಳೆದಿದ್ದಳು. ಆಸೆಯನ್ನು ಅಲ್ಲೇ ಬಿಟ್ಟೆ.

ಉಳಿದದ್ದು ಸಾಮಾನ್ಯ ಪ್ಲಾನೆಟರಿ ಗೇರಿನ (ನಡುವಿನ ಹಲ್ಲುಚಕ್ರದ ಸುತ್ತ ಸಣ್ಣ ಚಕ್ರಗಳು ತಿರುಗುವ) ಎಲೆಕ್ಟ್ರಿಕ್ ವಿಂಚ್‌ಗಳು. ಇಲ್ಲಿ ಪೌಂಡಿಗಿಂತ ಮುಂಚೆ ಎರಡು ವಿಷಯ ಕೇಳಬೇಕು.

ಒಂದು, ಮೋಟಾರ್ ಯಾವ ಜಾತಿಯದು. ಒಳಗೆ ಕಾಯಂ ಅಯಸ್ಕಾಂತ ಇರುವ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಹಗುರ ಕೆಲಸಕ್ಕೆ ಕರೆಂಟ್ ಕಮ್ಮಿ ತಿನ್ನುತ್ತದೆ. ಆದರೆ ಬೇಗ ಬಿಸಿಯಾಗುತ್ತದೆ, ಬಿಸಿಯಾದಂತೆ ಬಲ ಕಳೆದುಕೊಳ್ಳುತ್ತದೆ. ಅಯಸ್ಕಾಂತದ ಬದಲು ತಂತಿಯ ಸುರುಳಿ ಇರುವ ಸೀರೀಸ್ ವೌಂಡ್ ಮೋಟಾರ್ ನಮ್ಮ ಸ್ಟಾರ್ಟರ್ ಮೋಟಾರಿನ ತಳಿ. ಭಾರ ಬಿದ್ದಷ್ಟೂ ಹೆಚ್ಚು ತಿರುಚುತ್ತದೆ, ಬಿಸಿಯನ್ನೂ ಜಾಸ್ತಿ ತಡೆಯುತ್ತದೆ. ದಿನಕ್ಕೆ ಹತ್ತಾರು ಸಲ ಎಳೆಯುವವರಿಗೆ ಸೀರೀಸ್ ವೌಂಡೇ ಬೇಕು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಎರಡು, ಗೇರ್ ಅನುಪಾತ. ಆಲೆಮನೆಯ ಗಾಣ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮೋಟಾರ್ ಗಿರ್ರನೆ ತಿರುಗುತ್ತದೆ, ಗಾಣದ ಉರುಳೆ ನಿಧಾನಕ್ಕೆ ಕಬ್ಬು ಹಿಂಡುತ್ತದೆ. ನಡುವಿನ ಹಲ್ಲುಚಕ್ರಗಳು ವೇಗ ಕೊಟ್ಟು ಬಲ ಕೊಂಡಿರುತ್ತವೆ. ಅದೇ ಅಳತೆಯ ಮೋಟಾರಿಗೆ ಅನುಪಾತ ಏರಿಸಿ ದೊಡ್ಡ ಪೌಂಡ್ ಬರೆಯುವುದು ವಿಂಚ್ ಮಾರುಕಟ್ಟೆಯಲ್ಲಿ ಸಾಮಾನ್ಯ. ನಾವು ತಂದಿದ್ದ 12,000ದ್ದರ ಅನುಪಾತ 265ಕ್ಕೆ 1, ಅಂದರೆ ಮೋಟಾರ್ 265 ಸುತ್ತು ತಿರುಗಿದರೆ ಡ್ರಮ್ ಒಂದು ಸುತ್ತು. ನೋಡಿಟ್ಟ 9,500ದ್ದು 218ಕ್ಕೆ 1. ಎರಡರ ಮೋಟಾರೂ ಹೆಚ್ಚು ಕಮ್ಮಿ ಒಂದೇ ಶಕ್ತಿಯದು. ಹಾಗಾದರೆ ಆ ಹೆಚ್ಚಿನ 2,500 ಪೌಂಡಿಗೆ ನಾವು ಕೊಡುವ ಬೆಲೆ ಸಮಯ.

8,000 ಪೌಂಡಿನದು ಚಿಕ್ಕ ಹಗ್ಗದ ಜೊತೆ ನಮ್ಮ 2,300ನ್ನು ಎಳೆಯುತ್ತಿತ್ತು. ಎರಡನೇ ಪದರದಲ್ಲಿ 2,850 ಕೊಡುತ್ತದೆ. ಆದರೂ 9,500ಕ್ಕೆ ಹೋದೆವು. ಮೋಟಾರನ್ನು ಅದರ ಕೊನೆಯ ಮಿತಿಯಲ್ಲಿ ದುಡಿಸಿದರೆ ನಿಧಾನವಾಗುತ್ತದೆ, ಬಿಸಿಯಾಗುತ್ತದೆ. ಎತ್ತಿನ ವಿಷಯದಲ್ಲಿ ನಮ್ಮ ಹಿರಿಯರು ಹಾಗೆ ಮಾಡುತ್ತಿರಲಿಲ್ಲ, ಮೋಟಾರಿನ ವಿಷಯದಲ್ಲಿ ನಾವು ಯಾಕೆ ಮಾಡಬೇಕು?

ಇನ್ನೂ ಜಾಸ್ತಿ ಬಲ ಬೇಕಾದ ದಿನಕ್ಕೆ ರಾಟೆ ಇದೆ. ಮರಕ್ಕೆ ರಾಟೆ ಕಟ್ಟಿ, ಹಗ್ಗ ಅದರಲ್ಲಿ ತಿರುಗಿ ಮತ್ತೆ ಜೀಪಿಗೇ ಬಂದರೆ ಎಳೆತ ಹತ್ತಿರ ಹತ್ತಿರ ಎರಡು ಪಟ್ಟು, ವೇಗ ಅರ್ಧ. ಹಗ್ಗ ಜಾಸ್ತಿ ಹೊರಗೆ ಹೋಗುವುದರಿಂದ ಡ್ರಮ್ಮಿನ ಕೆಳಗಿನ ಪದರವೂ ಸಿಗುತ್ತದೆ. ಮೂರು ಕೆಜಿಯ ಒಂದು ಕಬ್ಬಿಣದ ರಾಟೆ ನಮಗೆ ಆ 12,000 ಪೌಂಡಿನ ಆಸೆಯನ್ನು ಬಿಡಿಸಿತು.

ಉಕ್ಕೋ, ಸಿಂಥೆಟಿಕ್ಕೋ

ಇದು ಬೇಗ ತೀರ್ಮಾನವಾಯಿತು. ಓಡುವವನು ನಾನು. 28 ಮೀಟರ್ ಉಕ್ಕಿನ ಹಗ್ಗ ಸುಮಾರು ಹತ್ತು ಕೆಜಿ. ಅದೇ ಉದ್ದದ ಸಿಂಥೆಟಿಕ್, ಅಂದರೆ ಪ್ಲಾಸ್ಟಿಕ್ ನಾರಿನ ಹಗ್ಗ, ಎರಡು ಕೆಜಿಯೂ ಇಲ್ಲ. ಕೆಸರಿನಲ್ಲಿ ಮೊಣಕಾಲು ತನಕ ಹೂತು ದಿಬ್ಬ ಹತ್ತುವವನಿಗೆ ಈ ವ್ಯತ್ಯಾಸ ಎದೆಯಲ್ಲಿ ಗೊತ್ತಾಗುತ್ತದೆ. ಉಕ್ಕಿನ ಎಳೆ ಕಿತ್ತು ಅಂಗೈಗೆ ಚುಚ್ಚುವುದೂ ತಪ್ಪುತ್ತದೆ. ತುಂಡಾದರೆ ಸಿಂಥೆಟಿಕ್ ಹಗ್ಗ ಉಕ್ಕಿನಷ್ಟು ಭೀಕರವಾಗಿ ಹಾರುವುದಿಲ್ಲ. ಆದರೂ ಹಗ್ಗದ ಮೇಲೆ ಭಾರದ ಕಂಬಳಿ ಹಾಕುವುದನ್ನು ಬಿಡಬಾರದು. ತುದಿಯ ಕೊಂಡಿ ಹಾರಿ ಬಂದರೆ ಅದು ಕಬ್ಬಿಣವೇ ತಾನೆ.

ಸಿಂಥೆಟಿಕ್ಕಿನ ಶತ್ರುಗಳು ಮೂರು. ಕಲ್ಲಿನ ಅಂಚು, ಬಿಸಿಲು, ಬಿಸಿ. ಮೂರನೆಯದನ್ನು ಬಹಳ ಜನ ಮರೆಯುತ್ತಾರೆ. ನಮ್ಮ ತರಹದ ವಿಂಚಿನಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ವಿಂಚಿನಿಂದ ಇಳಿಸುವಾಗ ಆ ಬ್ರೇಕ್ ಕಾದು ಡ್ರಮ್ ಕೈ ಇಡಲಾಗದಷ್ಟು ಸುಡುತ್ತದೆ. ಈ ಹಗ್ಗದ ನಾರು 150 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಕರಗುವುದಕ್ಕೆ ಬಹಳ ಮುಂಚೆಯೇ ಬಲ ಕಳೆದುಕೊಳ್ಳುತ್ತದೆ. ಅದಕ್ಕೆ ಮೊದಲ ಪದರಕ್ಕೆ ಬಿಸಿ ತಡೆಯುವ ತೋಳು ಹಾಕಿಸಿದೆವು. ಇಳಿಸುವ ಕೆಲಸವನ್ನು ಆದಷ್ಟೂ ಗೇರ್ ಮತ್ತು ಬ್ರೇಕಿನಲ್ಲೇ ಮಾಡುವುದು ಅಂತ ಮಾತಾಡಿಕೊಂಡೆವು. ಡ್ರಮ್ಮಿನಲ್ಲಿ ಉಕ್ಕಿನದಾದರೆ ಕನಿಷ್ಠ ಐದು ಸುತ್ತು, ಸಿಂಥೆಟಿಕ್ ಆದರೆ ಹತ್ತು ಸುತ್ತು ಉಳಿಯಲೇಬೇಕು. ಸಿಂಥೆಟಿಕ್ ಜಾರುವ ಹಗ್ಗ. ಆ ಹತ್ತು ಸುತ್ತಿನ ಸುಮಾರು ಎರಡೂಕಾಲು ಮೀಟರನ್ನು 20ರಲ್ಲಿ ಕಳೆದೇ ಲೆಕ್ಕ ಹಾಕಬೇಕು.

ಉಕ್ಕಿನ ಹಗ್ಗ ಓಡಿ ಗೀರು ಬಿದ್ದ ರೋಲರಿನಲ್ಲಿ ಸಿಂಥೆಟಿಕ್ ಹಾಕಿದರೆ ಅದು ಗರಗಸದಲ್ಲಿ ಹಾಕಿದ ಹಾಗೆ. ಹೊಸ, ನುಣುಪಾದ ಅಲ್ಯೂಮಿನಿಯಂ ಬಾಯಿಯನ್ನೇ ತಂದೆವು.

ಕೂರಿಸಿದ್ದು

ಎಷ್ಟೇ ಒಳ್ಳೆಯ ವಿಂಚ್ ಆದರೂ ಅದು ಹಿಡಿದುಕೊಂಡಿರುವುದು ನಾಲ್ಕು ಬೋಲ್ಟಿನ ಮೇಲೆ. ಈ ಅಳತೆಯ ವಿಂಚ್‌ಗಳ ಬೋಲ್ಟಿನ ತೂತುಗಳು ಸಾಮಾನ್ಯವಾಗಿ 254 ಮತ್ತು 114.3 ಮಿಮೀ ಅಂತರದಲ್ಲಿ ಇರುತ್ತವೆ. ಮೈಸೂರಿನ ಹೆಬ್ಬಾಳದ ಕೈಗಾರಿಕಾ ಪ್ರದೇಶದ ಒಬ್ಬ ಮೇಸ್ತ್ರಿ ಪ್ಲೇಟ್ ಮಾಡಿಕೊಟ್ಟರು. ಅವರು ಮೊದಲು ಕೇಳಿದ್ದು, "ಎಳೆತ ಛಾಸಿಸ್ಸಿಗೆ ಹೋಗಬೇಕಾ, ಬಂಪರಿಗೆ ಹೋಗಬೇಕಾ?" ಅಂತ. ಅಷ್ಟು ಸಾಕು, ಅವರಿಗೆ ಕೆಲಸ ಗೊತ್ತು ಅಂತ ಆಯಿತು. ಪ್ಲೇಟಿನ ಕೈಗಳು ಎರಡೂ ಛಾಸಿಸ್ ತೊಲೆಯ ಮೇಲೆ ಹಿಂದಕ್ಕೆ ಹೋಗಿ ಕೂತಿವೆ. ಬೋಲ್ಟ್ 8.8 ಗ್ರೇಡಿನವು. ಕಾಂಟ್ಯಾಕ್ಟರ್ ಇರುವ ಕಂಟ್ರೋಲ್ ಬಾಕ್ಸನ್ನು ವಿಂಚಿನ ಮೇಲಿನಿಂದ ತೆಗೆದು ಬಾನೆಟ್ಟಿನ ಒಳಗೆ ಎತ್ತರಕ್ಕೆ ಕಟ್ಟಿದೆ. ಕಟ್-ಆಫ್ ಸ್ವಿಚ್ ಡ್ರೈವರಿನ ಎಡಗೈಗೆ ಸಿಗುತ್ತದೆ, ಹೊರಗೆ ನಿಂತ ನನಗೂ ಸಿಗುತ್ತದೆ.

ಇಡೀ ಜೋಡಣೆ ಬಿಚ್ಚಿಡುವ ಹಾಗಿದೆ. ಗಾಡಿಯ ಮುಂದೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ವಿರುದ್ಧ ಅಂತ 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಬರೆದಿದೆ. ಸ್ಪರ್ಧೆಯ ಜಾಗಕ್ಕೆ ಜೀಪನ್ನು ಕ್ಯಾಂಟರಿನಲ್ಲಿ ಹಾಕಿಕೊಂಡು ಹೋದೆವು.

ಹೊರಡುವ ಮುಂಚೆ ಅದೇ ತೆವರಿ, ಅದೇ ಹುಣಸೆ ಮರ. ಅಕ್ಕನ ಪುಸ್ತಕದಲ್ಲಿ ಎರಡೂ ವಿಂಚಿನ ಲೆಕ್ಕ ಇದೆ. ಒಂದು ಟನ್ನಿನ ಆಸುಪಾಸಿನ ಎಳೆತದಲ್ಲಿ ಹತ್ತು ಮೀಟರ್ ಎಳೆಯುವುದಕ್ಕೆ 12,000ದ್ದು 3 ನಿಮಿಷ 20 ಸೆಕೆಂಡ್ ತಗೊಂಡಿತ್ತು. ನಮ್ಮದು 2 ನಿಮಿಷ 25 ಸೆಕೆಂಡ್. ಕೇಬಲ್, ಬ್ಯಾಟರಿ ಎಲ್ಲ ಬದಲಾಗಿತ್ತು, ಹಾಗಾಗಿ ಪೂರ್ತಿ ಹೊಗಳಿಕೆ ವಿಂಚಿಗೇ ಸೇರಬೇಕಿಲ್ಲ. ಕ್ಲ್ಯಾಂಪ್ ಮೀಟರ್ ಹಿಡಿದು ಇನ್ನೊಂದನ್ನೂ ನೋಡಿದೆ. 2,300 ಕೆಜಿ ಭಾರಕ್ಕೆ ಮೂರನೇ ಪದರದಲ್ಲಿ 350 ಆಂಪಿಯರ್, ಎರಡನೇ ಪದರದಲ್ಲಿ 300. ಚಿಕ್ಕ ಹಗ್ಗ ಬ್ಯಾಟರಿಯನ್ನೂ ಉಳಿಸುತ್ತಿತ್ತು. ಭಾವ ಮೀಟರನ್ನು ತಾವೇ ಇಸಕೊಂಡು ಎರಡು ಸಲ ನೋಡಿದರು. ಅಲ್ಲಿಗೆ 12,000ದ ಮಾತು ನಿಂತಿತು.

ಸ್ಪರ್ಧೆಯಲ್ಲಿ

ಎರಡು ದಿನದಲ್ಲಿ ವಿಂಚನ್ನು 17 ಸಲ ಹಚ್ಚಿದೆವು. ವೋಲ್ಟೇಜ್ ಒಮ್ಮೆಯೂ 10.5ರ ಕೆಳಗೆ ಹೋಗಲಿಲ್ಲ. ರಾಟೆ ಹಾಕಿದ್ದು ಎರಡೇ ಸಲ. ಎಲ್ಲ ಹಂತ ಮುಗಿಸುವುದಕ್ಕೆ ನಮ್ಮಿಂದ ಆಗಲಿಲ್ಲ, ಸ್ಥಾನವೂ ಬರಲಿಲ್ಲ. ಆದರೆ ಕಳೆದುಕೊಂಡ ಸಮಯ ವಿಂಚಿನದಲ್ಲ. ಡ್ರಮ್ಮಿನ ಕ್ಲಚ್ ಬಿಟ್ಟು ಹಗ್ಗ ಎಳೆದುಕೊಂಡು ಓಡುವುದು, ಪಟ್ಟಿ ಸುತ್ತುವುದು, ಅದಕ್ಕೆ ಹಗ್ಗ ಸೇರಿಸುವ ಡಿ ಶಾಕಲ್ ಕೊಂಡಿ ಹಾಕುವುದು, ಇಲ್ಲಿ ನಾನು ನಿಧಾನ. ಬೇರೆ ತಂಡದ ಹುಡುಗರು ಮೂವತ್ತು ಸೆಕೆಂಡಿನಲ್ಲಿ ಮುಗಿಸುವುದಕ್ಕೆ ನನಗೆ ಒಂದು ನಿಮಿಷ ಮೇಲೆ ಬೇಕಾಯಿತು. ಈ ವರ್ಷ ಗದ್ದೆಯಲ್ಲಿ ಜೀಪಿಲ್ಲದೆ, ಬರೀ ಹಗ್ಗ ಹಿಡಿದು ಅಭ್ಯಾಸ ಮಾಡುತ್ತಿದ್ದೇನೆ. ಅಕ್ಕ ಗಡಿಯಾರ ಹಿಡಿದು ನಿಲ್ಲುತ್ತಾಳೆ.

ಎರಡನೇ ದಿನ ಓರೆಯಾಗಿ ಎಳೆಯಬೇಕಾದ ಒಂದು ಕಡೆ ಹಗ್ಗ ಡ್ರಮ್ಮಿನ ಒಂದೇ ಮೂಲೆಗೆ ಗುಡ್ಡೆಯಾಯಿತು. ಬಿಡಿಸಿ ಸರಿಯಾಗಿ ಸುತ್ತಿಕೊಳ್ಳುವುದಕ್ಕೆ ಏಳು ನಿಮಿಷ. ಆ ಹಂತ ಅಲ್ಲೇ ಹೋಯಿತು. ಓರೆ ಎಳೆತ ಇದ್ದ ಕಡೆ ಸ್ವಲ್ಪ ಎಳೆದು, ಮರ ಬದಲಾಯಿಸಿ ಮತ್ತೆ ಎಳೆಯಬೇಕಿತ್ತು.

ಕೊನೆಯ ಹಂತದಲ್ಲಿ ಹಗ್ಗ ಒಂದು ಬಂಡೆಯ ಅಂಚಿಗೆ ಉಜ್ಜಿತು. ತುದಿಯಿಂದ ಒಂದೂವರೆ ಮೀಟರಿನ ಹತ್ತಿರ ಎರಡು ಎಳೆ ಕಿತ್ತುಬಂದಿದ್ದವು. ಊರಿಗೆ ಬಂದ ಮೇಲೆ ಆ ಭಾಗ ಕತ್ತರಿಸಿ, ಸಿಹಿನೀರಿನಲ್ಲಿ ಹಗ್ಗ ತೊಳೆದು, ನೆರಳಲ್ಲಿ ಒಣಗಿಸಿ, ತುದಿಗೆ ಹೊಸ ಕಣ್ಣು, ಅಂದರೆ ಕುಣಿಕೆ, ಹೆಣೆದೆ. ಈಗ ಉಳಿದಿರುವುದು 18 ಮೀಟರ್. ಹತ್ತು ಮೀಟರ್ ಹೊರಗೆ ಹೋದರೆ ಡ್ರಮ್ಮಿನಲ್ಲಿ ಎಂಟು, ಅದೂ ಎರಡನೇ ಪದರವೇ. ಹೊಸ ಹಗ್ಗ ತರೋಣ ಅಂದರು ಭಾವ. ಈ ಮಳೆಗಾಲ ಇದರಲ್ಲೇ ಕಳೆಯಲಿ ಅಂದೆ.